ಬಾಗಿಲಿಟ್ಟ ಬಾವಿ

ನಮ್ಮೂರಲ್ಲಿ ಬಾವಿಗೆ ಬಗ್ಗುವ ಮುಂಚೆ ಒಂದು ಸಲ ಕೆಮ್ಮಬೇಕು. ಸುಮ್ಮನೆ ಹೋಗಿ ಕೊಡ ಇಳಿಬಿಟ್ಟರೆ, ಮೇಲುಕೇರಿಯಲ್ಲಿ ಯಾರೋ ಅಳಿಯನಿಗೆ ಬುದ್ಧಿ ಹೇಳುತ್ತಿರುತ್ತಾರೆ, ಆ ಮಾತಿನ ನಡುವೆ ನಮ್ಮ ಕೊಡದ ದಡಬಡ ಹೋಗಿ ಬೀಳುತ್ತದೆ. ಆಮೇಲೆ ಅಳಿಯನಿಗೆ ಹೋಗಬೇಕಾದ ಬೈಗುಳ ನಮಗೆ ಬರುತ್ತದೆ. ಊರೊಳಗೆ ಹತ್ತೊಂಬತ್ತು ಬಾವಿ, ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತಾರು. ಒಂದಕ್ಕೆ ಆಡಿದ್ದು ಎಲ್ಲಕ್ಕೂ ಕೇಳುತ್ತದೆ. ಗಾಣದವರ ಬೀದಿಯ ಬಾವಿಗೆ ಮಾತ್ರ ಒಂದು ಉಸಿರು ತಡ. ಹೀಗಾಗಿ ಆ ಬೀದಿಯವರು ಜಗಳದಲ್ಲಿ ಯಾವತ್ತೂ ಎರಡನೆಯವರು. ಕಳೆದುಹೋದ ಎತ್ತು, ಹುಟ್ಟಿದ ಕೂಸು, ಅಂಗಡಿಗೆ ಬಂದ ಹೊಸ ಬೆಲ್ಲ, ಎಲ್ಲ ನೀರು ಸೇದುವ ಹೊತ್ತಿಗೇ ತಿಳಿಯುತ್ತದೆ. ಕೊಟ್ಟ ಮಗಳು ಅಲ್ಲಿ ಸೇದುತ್ತಾ, ಹೆತ್ತವಳು ಇಲ್ಲಿ ಸೇದುತ್ತಾ, ಹುಣಿಸೆಹಣ್ಣಿನಿಂದ ಹಿಡಿದು ಹೆರಿಗೆಯವರೆಗೆ ಮಾತಾಡಿಕೊಳ್ಳುತ್ತಾರೆ. ನೀರಿಗೆ ಹೋದವಳು ಇನ್ನೂ ಬರಲಿಲ್ಲ ಅಂತ ನಮ್ಮಲ್ಲಿ ಯಾವ ಗಂಡಸೂ ಬಾವಿಯ ಹತ್ತಿರ ಬಂದು ಗದರುವುದಿಲ್ಲ. ಗದರಿದರೆ ಅದೂ ನಲವತ್ತೈದು ಬಾವಿಗೆ ಕೇಳುತ್ತದೆ.

ಈ ಬಾವಿಗಳನ್ನೆಲ್ಲ ತೋಡಿದ್ದು ನಮ್ಮ ಏಳು ಹಾರೆ ಕಂಪನಿ. ಈಗ ಹಾರೆಗಳು ಅರುವತ್ತು ದಾಟಿವೆ, ಹೆಸರು ಮಾತ್ರ ಏಳರಲ್ಲೇ ನಿಂತಿದೆ. ಯಜಮಾನಿಕೆ ಜುಂಜಣ್ಣನದು. ಕಲ್ಲಿನ ಕೆಲಸ ಪಾಲಜ್ಜನದು. ಕಿವಿ ನನ್ನದು. ನನ್ನ ಹೆಸರು ಕ್ಯಾತಮ್ಮ. ನೀರು ಬಂದ ಮೇಲೆ ನನ್ನನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗದಲ್ಲಿ ಇಳಿಸುತ್ತಾರೆ. ಬಂಡೆಗೆ ಕಿವಿಯಿಟ್ಟು ಸುತ್ತ ಸವರುತ್ತಾ ಹೋಗುತ್ತೇನೆ. ಒಂದು ಜಾಗದಲ್ಲಿ ಬಂಡೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಅಲ್ಲಿ ಸುಣ್ಣದ ಬೊಟ್ಟಿಡುತ್ತೇನೆ. ಆ ಬೊಟ್ಟಿನ ಮೇಲೆ ಪಾಲಜ್ಜ ಉಳಿಯಿಟ್ಟು ಮೊಣಕೈ ಉದ್ದದ ಒಂದು ಕಂಡಿ ಕೊರೆಯುತ್ತಾನೆ. ಕಂಡಿ ಬಿದ್ದ ಬಾವಿಗೆ ಮಾತು ಬರುತ್ತದೆ. ಈ ಕೆಲಸ ನನಗೆ ಅವ್ವನಿಂದ ಬಂತು, ಅವಳಿಗೆ ಅವಳ ಸೋದರತ್ತೆಯಿಂದ.

ಕೆಲಸ ಮುಗಿದ ದಿನ ಕುಂದು ಹೇಳುವುದು ಅಂತ ಒಂದಿದೆ. ಕಿವಿಯಿಟ್ಟವರೇ ಅದನ್ನು ಹೇಳಬೇಕು. ಊರಿನವರೆಲ್ಲ ಸುತ್ತ ನಿಂತಿರುತ್ತಾರೆ. ಬಾವಿಯ ಬಾಯಿಗಲ್ಲಿನ ಮೇಲೆ ನಿಂತು, ಈ ಬಾವಿಯಲ್ಲಿ ಇಂಥಿಂಥ ಕುಂದುಗಳಿವೆ ಅಂತ ಒಂದನ್ನೂ ಬಿಡದೆ ಹೇಳಬೇಕು. ಬೇಸಗೆಯಲ್ಲಿ ಉಪ್ಪಾಗುತ್ತದೆ, ಆರನೆಯ ಮೆಟ್ಟಿಲು ಜಾರುತ್ತದೆ, ಪಡುವಣ ಗೋಡೆಯ ಒಂದು ಕಲ್ಲು ಸಡಿಲ, ಹೀಗೆ. ಕೇಳಿದವರು ಒಂದೊಂದು ಬೊಗಸೆ ನೀರು ಕುಡಿದು, "ಕುಂದು ಕೇಳಿದೆವು, ಬಾವಿ ನಮ್ಮದು" ಅಂದರೆ ಅಲ್ಲಿಗೆ ಬಾವಿ ಕೈ ಬದಲಾಯಿತು. ಕುಂದು ಹೇಳದ ಬಾವಿಯನ್ನು ನಮ್ಮ ಕಂಪನಿ ಯಾರಿಗೂ ಒಪ್ಪಿಸಿದ್ದಿಲ್ಲ.

ಕಣಿವೆಯ ಆಚೆ, ಎರಡು ದಿನ ನಡೆಯುವಷ್ಟು ದೂರದಲ್ಲಿ, ನಮ್ಮೂರಿಗಿಂತ ದೊಡ್ಡದೊಂದು ಊರಿದೆ. ನಾವು ಅದನ್ನು ಆಚೆಯೂರು ಅನ್ನುತ್ತೇವೆ. ಅಲ್ಲಿಯೂ ಬಾವಿಗಳಿದ್ದವು, ನೀರು ಕೊಡುವವು ಅಷ್ಟೇ. ನನ್ನ ತಂಗಿ ಈರಮ್ಮನನ್ನು ಅಲ್ಲಿಗೆ ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅವ್ವ ತೀರಿಕೊಂಡ ಸುದ್ದಿ ಅವಳಿಗೆ ಮುಟ್ಟಿದಾಗ ತಿಥಿಯ ಅಡಿಗೆಯ ಪಾತ್ರೆಗಳನ್ನೂ ನಾವು ತೊಳೆದಿಟ್ಟಾಗಿತ್ತು. ಓಡಿಬಂದವಳು ಅಂಗಳದಲ್ಲಿ ಕೂತು, "ಒಂದು ಮಾತು ಹೇಳೋಕಾಗಲಿಲ್ವಾ ನಿಮಗೆ" ಅಂತ ಒಂದೇ ಸಮನೆ ಕೇಳಿದಳು. ಹೇಗೆ ಹೇಳುವುದು? ಅವಳೂರಿನ ಬಾವಿ ಮೂಕ.

ಹುರುಳಿ ಬಡಿಯುವ ಕಾಲಕ್ಕೆ ಈರಮ್ಮನ ಗಂಡ ಸೀಬಯ್ಯ ನಮ್ಮೂರಿಗೆ ಬಂದ. ಅವನು ಆಚೆಯೂರಿನ ಚಾವಡಿಯಲ್ಲಿ ತಳವಾರ. ಆರಡಿ ಆಳು, ಆದರೆ ನಮ್ಮ ಹಿತ್ತಲ ಬಾವಿ ಇದ್ದಕ್ಕಿದ್ದ ಹಾಗೆ "ರಾಗಿ ಬೀಸೋರು ಯಾರಾದ್ರೂ ಅವ್ರಾ?" ಅಂದಾಗ ಕೈಲಿದ್ದ ಮಜ್ಜಿಗೆ ಲೋಟವನ್ನು ಎದೆಯ ಮೇಲೆ ಚೆಲ್ಲಿಕೊಂಡ. ಒರೆಸಿಕೊಳ್ಳುತ್ತಾ ಬಂದ ವಿಷಯ ಹೇಳಿದ. "ಅತ್ತಿಗೆ, ಪಾರುಪತ್ಯಗಾರರು ಹೇಳಿ ಕಳಿಸವ್ರೆ. ನಿಮ್ಮ ಕಂಪನಿಯೋರು ನಮ್ಮೂರಿಗೂ ಬಾವಿ ತೋಡ್ಬೇಕಂತೆ. ಮೊದ್ಲು ಚಾವಡಿ ಮುಂದೆ ಒಂದು. ಸರಿಹೋದ್ರೆ ಇನ್ನಾ ನಾಲ್ಕು. ಆಮೇಲೆ ನಮ್ಮೂರ ಹಿಂದಿರೋ ಹನ್ನೆರಡು ಹಳ್ಳಿಗೂ."

ಜುಂಜಣ್ಣ ಆವತ್ತು ಊಟ ಸರಿಯಾಗಿ ಮಾಡಲಿಲ್ಲ. ನೆಲಕ್ಕೆ ಕಡ್ಡಿಯಿಂದ ಹಳ್ಳಿಗಳನ್ನು ಬರೆದು, ಗೆರೆ ಎಳೆದು ಜೋಡಿಸುತ್ತಾ ಕೂತ. ನಾನೂ ಏನು ಕಮ್ಮಿ ಇರಲಿಲ್ಲ. ಮನಸ್ಸಿನಲ್ಲೇ ಆಚೆಯೂರಿನ ಬಾವಿಯ ಬಾಯಿಗೆ ಈರಮ್ಮನನ್ನು ತಂದು ನಿಲ್ಲಿಸಿ ಮಾತಾಡಿಸುತ್ತಿದ್ದೆ.

ಹೋದೆವು. ಪಾರುಪತ್ಯಗಾರರು ಅಂದರೆ ಆಚೆಯೂರಿನ ಆಡಳಿತವನ್ನೆಲ್ಲ ನೋಡಿಕೊಳ್ಳುವವರು. ಅರುವತ್ತರ ಹತ್ತಿರದ ವಯಸ್ಸು, ಮೆತ್ತಗಿನ ಮಾತು. ನಮಗೆ ಕಂಬಳಿ ಹಾಸಿ ಕೂರಿಸಿ, ತಾವೇ ಎಲೆಅಡಿಕೆ ತಟ್ಟೆ ಮುಂದಿಟ್ಟರು. ಆಮೇಲೆ ಮೂರು ಮಾತು ಹೇಳಿದರು. ಕಂಡಿಗೆ ಒಂದು ಕಲ್ಲಿನ ಬಾಗಿಲಿರಬೇಕು. ಅದರ ಸರಪಳಿ ಗೋಡೆಯೊಳಗಿಂದ ಚಾವಡಿಯ ಹಿಂಕೋಣೆಗೆ ಬರಬೇಕು. ಬೇಕಾದಾಗ ಎಳೆದರೆ ಬಾವಿ ಮೂಕಾಗಬೇಕು. ಎರಡನೆಯದು, ಕಿವಿಯಿಡುವ ಹೆಂಗಸಿಗೆ ಯಾವ ದನಿ ಯಾರದು ಅಂತ ಗೊತ್ತಾಗುತ್ತದೆಂದು ಕೇಳಿದ್ದೇನೆ, ಅವಳನ್ನು ಒಂದು ವರ್ಷ ಇಲ್ಲೇ ಬಿಡಬೇಕು. ಯಾರು ಏನು ಮಾತಾಡಿದರು ಅಂತ ಚಾವಡಿಗೆ ಹೇಳಬೇಕು. ಮೂರನೆಯದು, ಈ ಬಾಗಿಲಿನ ವಿಷಯ ಜನಕ್ಕೆ ತಿಳಿಯಕೂಡದು.

ಪಾಲಜ್ಜ ಎಲೆಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ಅದು ಅವರ ಕಣ್ಣಿಗೆ ಬಿತ್ತು.

"ನನ್ನನ್ನ ಕೆಟ್ಟವನು ಅಂದುಕೋಬೇಡಿ ಹಿರಿಯರೇ," ಅಂದರು. "ಒಂಬತ್ತು ವರ್ಷದ ಹಿಂದೆ ಇದೇ ಸಂತೆಬೀದಿಯಲ್ಲಿ ಒಬ್ಬ ಬೆಂಕಿ ಬೆಂಕಿ ಅಂತ ಕೂಗಿದ. ಬೆಂಕಿ ಇರಲಿಲ್ಲ. ಯಾರೋ ಹೊಟ್ಟು ಸುಡುತ್ತಿದ್ದರು. ಜನ ಕೋಟೆಯ ಕಿರುಬಾಗಿಲಿಗೆ ನುಗ್ಗಿದರು. ಹನ್ನೊಂದು ಜನ ಕಾಲಡಿ ಸಿಕ್ಕಿ ಸತ್ತರು. ಅದರಲ್ಲಿ ನನ್ನ ಸೊಸೆಯೂ ಒಬ್ಬಳು. ಒಂದು ಬಾಯಿಗೆ ಅಷ್ಟಾಯಿತು. ನಿಮ್ಮ ಬಾವಿ ಒಂದು ಬಾಯಿಯನ್ನ ಐವತ್ತು ಮಾಡುತ್ತೆ. ನಾನು ಏನು ಮಾಡಲಿ, ನೀವೇ ಹೇಳಿ."

ಜುಂಜಣ್ಣ, "ಬಾಗಿಲಿನ ಮಾತು ಯೋಚನೆ ಮಾಡಾನ ಸ್ವಾಮಿ. ಕಿವಿ ಮಾತ್ರ ಬಾಡಿಗೆಗಿಲ್ಲ. ಬಂಡೆ ಕೇಳೋಕಿರೋ ಕಿವಿ ಅದು, ಮಂದಿ ಹಿಡಿಯೋಕಲ್ಲ. ಅದಕ್ಕೆ ನೀವು ಒಪ್ದಿದ್ರೆ ನಾವು ಈಗ್ಲೇ ಎದ್ದೋಯ್ತೀವಿ," ಅಂದ. ಪಾರುಪತ್ಯಗಾರರು ನನ್ನನ್ನು ಒಮ್ಮೆ ನೋಡಿ, ಆಗಲಿ ಅಂದರು. ಮೂರನೆಯ ಮಾತಿಗೆ ಜುಂಜಣ್ಣ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತ.

ನಾವು ಉಳಿದುಕೊಂಡದ್ದು ಈರಮ್ಮನ ಮನೆಯಲ್ಲೇ. ಹಿತ್ತಲಲ್ಲಿ ಕೈಕಾಲು ತೊಳೆಯುವಾಗಲೇ ಪಾಲಜ್ಜ ಶುರುಮಾಡಿದ. "ಬಾಗಿಲಿಕ್ಕೋ ಕೆಲ್ಸ ನಮ್ಮದಲ್ಲ ಕಣ್ಲಾ. ನಾನು ಕಲ್ಲಿಗೆ ಬಾಯಿ ಬಿಡಿಸೋನು. ಬೀಗ ಮಾಡೋನು ಕಮ್ಮಾರ, ಅವನ್ನ ಕರ್ಕಾ ಹೋಗು."

"ನಾವು ತೋಡ್ದಿದ್ರೆ ಇವರಿಗೆ ಬಾಗಿಲೂ ಇಲ್ಲ, ಬಾವೀನೂ ಇಲ್ಲ ಕಣಜ್ಜ," ಅಂದ ಜುಂಜಣ್ಣ. "ವರ್ಷಕ್ಕೆ ಒಂದತ್ತು ದಿನ ಹಾಕ್ತಾರೆ ಅನ್ಕಾ. ಮಿಕ್ಕ ದಿನ ಮಾತಾಡ್ಕೋತಾರಲ್ಲ?"

"ಯಾವ ಹತ್ತು ದಿನ ಅಂತ ಕೇಳು. ಮಾತು ಬೇಕೇಬೇಕು ಅನ್ನೋ ದಿನಾನೇ ನೋಡಿ ಹಾಕ್ತಾರೆ. ಮಿಕ್ಕಿದ್ ದಿನ ಏನ್ ಮಾತು? ಸಾರಿಗೆ ಉಪ್ಪಾಯ್ತಾ, ಎಮ್ಮೆ ಕರ ಹಾಕ್ತಾ."

ಈರಮ್ಮ ಒಲೆಯ ಮುಂದಿನಿಂದಲೇ ತಿರುಗಿದಳು. "ಅಜ್ಜ, ಹಸಿದೋಳ ಮುಂದೆ ಕೂತ್ಕಂಡು ಉಪ್ಪು ಹೆಚ್ಚೋ ಕಮ್ಮಿಯೋ ಅಂತ ವಾದ ಹಾಕ್ತಿದೀರಲ್ಲ ನೀವು. ಎಮ್ಮೆ ಕರ ಹಾಕ್ತಾ ಅನ್ನೋ ಮಾತು ನಿಮಗೆ ಸಸ್ತಾ ಆಗೈತೆ. ದಿನಾ ಸಿಗುತ್ತಲ್ಲ. ನಾನು ನಮ್ಮಕ್ಕನ ಬಾಯಿಂದ ಅದನ್ನ ಕೇಳಿ ಎಷ್ಟು ವರ್ಷ ಆಯ್ತು ಗೊತ್ತಾ?"

ಮಾರನೆಯ ದಿನ ಹಾರೆ ಇಳಿಯಿತು.

ನಲವತ್ತು ದಿನ ತೋಡಿದೆವು. ಆಚೆಯೂರಿನವರು ಇಷ್ಟವಿದ್ದೋ ಇಲ್ಲದೆಯೋ ಮನೆಗೊಬ್ಬರಂತೆ ಬಂದು ಮಣ್ಣು ಹೊತ್ತರು. ಮೊದಲ ವಾರ ನಮ್ಮನ್ನು ಮಾತಾಡಿಸಿದವರಿಲ್ಲ. ಆ ಊರಿನ ರೀತಿಯೇ ಹಾಗೆ. ಬೀದಿಯಲ್ಲಿ ಇಬ್ಬರು ಎದುರಾದರೆ ಮೊದಲು ಹಿಂದೆ ತಿರುಗಿ ನೋಡುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಎರಡನೆಯ ವಾರಕ್ಕೆ ತಿಪ್ಪಜ್ಜಿ ಅನ್ನುವ ಮುದುಕಿಯೊಬ್ಬಳು ಬುಟ್ಟಿ ಇಳಿಸಿ, "ಏನವ್ವ, ನಿಮ್ಮೂರಲ್ಲಿ ಹೆಣ್ಮಕ್ಕಳು ಬಾವಿಗೆ ಬೀಳೋದಿಲ್ವಂತೆ, ಮಾತಾಡ್ತಾರಂತೆ?" ಅಂತ ಕೇಳಿದಳು. ಮಣ್ಣು ಹೊರುತ್ತಿದ್ದ ಹೆಂಗಸರೆಲ್ಲ ನಿಂತು ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಬುಟ್ಟಿಗಳು ಬೇಗ ಬೇಗ ಬಂದವು.

ನೀರು ಬಂತು. ನಾನು ಇಳಿದೆ. ಬಡಗಣ ಗೋಡೆಯಲ್ಲಿ, ನೀರಿಗಿಂತ ಎರಡು ಮಾರು ಮೇಲೆ, ಬಂಡೆ ಗುಂಯ್ ಅಂದಿತು. ಕಿವಿ ಒತ್ತಿ ಹಿಡಿದೆ. ಬಹಳ ದೂರದಿಂದ, ತೆಳ್ಳಗೆ, ನಮ್ಮೂರಿನ ಯಾರೋ ಯಾರಿಗೋ ಮೊರ ವಾಪಸು ಕೇಳುತ್ತಿದ್ದರು. ಬುಟ್ಟಿಯಲ್ಲಿ ಕೂತು ಅತ್ತೆ. ಕಣ್ಣೊರೆಸಿಕೊಳ್ಳುತ್ತಾ ಇಟ್ಟ ಸುಣ್ಣದ ಬೊಟ್ಟು ಸೊಟ್ಟಗಾಯಿತು. ಪಾಲಜ್ಜ ಅದನ್ನು ನೋಡಿ ನಕ್ಕು, ಕಂಡಿಯನ್ನು ನೇರಕ್ಕೇ ಕೊರೆದ. ಕೊರೆದು ಮೇಲೆ ಬಂದವನು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿದ. "ನನ್ನ ಕೆಲ್ಸ ಆಯ್ತು. ಬಾಗಿಲು ನೀನೇ ಇಟ್ಕ," ಅಂತ ಜುಂಜಣ್ಣನಿಗೆ ಹೇಳಿ, ಹೊದಿಕೆ ಹೆಗಲಿಗೆ ಹಾಕಿಕೊಂಡು, ಎರಡು ದಿನದ ದಾರಿಯನ್ನು ಒಬ್ಬನೇ ಹಿಡಿದ. ಬಾಗಿಲನ್ನು ಜುಂಜಣ್ಣ ತಾನೇ ಕೂರಿಸಿದ. ಯಜಮಾನನಾದ ಮೇಲೆ ಉಳಿ ಹಿಡಿದು ಅಭ್ಯಾಸ ತಪ್ಪಿತ್ತು. ಎರಡು ಸಲ ಹೆಬ್ಬೆರಳಿಗೆ ಹೊಡೆದುಕೊಂಡ.

ಉಳಿದದ್ದು ಕುಂದು ಹೇಳುವುದು. ಆಚೆಯೂರಿನಲ್ಲಿ ಆ ಪದ್ಧತಿ ಯಾರಿಗೂ ಗೊತ್ತಿರಲಿಲ್ಲ. ಪಾರುಪತ್ಯಗಾರರು ಅದನ್ನೊಂದು ಪೂಜೆ ಅಂದುಕೊಂಡು, ಚಪ್ಪರಕ್ಕೂ ಬೆಲ್ಲದ ಪಾನಕಕ್ಕೂ ಹೇಳಿದ್ದರು. ಜುಂಜಣ್ಣ ಹೆಬ್ಬೆರಳಿಗೆ ಅರಿಶಿನ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದ. "ಏನು ಹೇಳ್ತೀಯ ಕ್ಯಾತಮ್ಮ?" ಅಂದ.

"ಏನು ಹೇಳ್ಲಿ ಅಂತ ನೀನೇ ಹೇಳು."

"ನಾನು ಹೇಳೋ ಹಂಗಿಲ್ಲ. ಕಿವಿ ಇಟ್ಟೋಳು ನೀನು." ಹೆಬ್ಬೆರಳ ಕಟ್ಟನ್ನು ಬಿಗಿಮಾಡಿಕೊಳ್ಳುತ್ತಾ, "ಬಾಗಿಲೊಂದನ್ನ ಬಿಟ್ಟು ಮಿಕ್ಕಿದ್ ಹೇಳಿದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಹನ್ನೆರಡು ಹಳ್ಳಿ ಕಾಯ್ತಾ ಅವೆ," ಅಂದ. ಅಂದವನು ನನ್ನ ಮುಖ ನೋಡಲಿಲ್ಲ.

ಒಳಗೆ ಈರಮ್ಮ ಮುದ್ದೆ ತಿರುವುತ್ತಿದ್ದಳು. ಕೋಲನ್ನು ಹಾಗೇ ಹಿಡಿದುಕೊಂಡು ಹೇಳಿದಳು: "ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಬಾಗಿಲಿನ ಸುದ್ದಿ ಎತ್ತಬ್ಯಾಡ. ಆ ಸರಪಳಿ ಎಳೆಯೋ ಕೆಲಸ ಯಾರಿಗೆ ಕೊಟ್ಟವ್ರೆ ಗೊತ್ತಾ? ಇವರಿಗೇ. ನಾಳೆ ಒಂದಿನ ಬಾವಿ ಮುಚ್ಚಿದ್ರೆ ಜನ ಕಲ್ಲು ಹೊಡೆಯೋದು ಪಾರುಪತ್ಯಗಾರರ ಮನೆಗಲ್ಲ. ನಮ್ಮನೆಗೆ. ನೀನು ಕುಂದು ಹೇಳಿ ನಿನ್ನೂರಿಗೆ ಹೋಯ್ತೀಯ. ಇಲ್ಲಿ ಇರೋಳು ನಾನು."

ಸೀಬಯ್ಯ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಉಂಗುಷ್ಠ ಹೊಲಿಯುತ್ತಿದ್ದ. ಹೆಂಡತಿಯ ಮಾತು ಕೇಳಿಸಿತು, ತಲೆಯೆತ್ತಲಿಲ್ಲ. ನಾನು ಎರಡು ತುತ್ತು ತಿಂದು ಎದ್ದೆ. ಹೇಳದೆ ಹೋದರೆ ತಂಗಿ ಸುಖವಾಗಿರುತ್ತಾಳೆ, ದಿನಾ ಮಾತಿಗೂ ಸಿಗುತ್ತಾಳೆ. ಒಂದು ದಿನ ಏನೋ ಆಗಬಾರದ್ದು ಆಗಿ, ಅವಳು ಬಾವಿಗೆ ಬಗ್ಗಿ ಅಕ್ಕಾ ಅಕ್ಕಾ ಅಂತ ಕೂಗುತ್ತಾಳೆ, ನಾನು ಓಗೊಡುವುದಿಲ್ಲ, ಅಕ್ಕ ಇದ್ದೂ ಮಾತಾಡಲಿಲ್ಲ ಅಂದುಕೊಳ್ಳುತ್ತಾಳೆ. ಊರಿನ ಒಬ್ಬೊಬ್ಬರೂ ಹಾಗೇ ಅಂದುಕೊಳ್ಳುತ್ತಾರೆ. ಮುಚ್ಚಿದ್ದು ಬಾಗಿಲು ಅಂತ ಗೊತ್ತಿಲ್ಲದವರು ಮನುಷ್ಯರನ್ನೇ ಬೈದುಕೊಳ್ಳುತ್ತಾರೆ. ಆವತ್ತು ನಾನು ಅಂದುಕೊಂಡದ್ದು ಇಷ್ಟೇ. ಇದಕ್ಕಿಂತ ದೊಡ್ಡ ಯೋಚನೆಯೇನೂ ನನಗೆ ಬರಲಿಲ್ಲ.

ಬಾಯಿಗಲ್ಲಿನ ಮೇಲೆ ನಿಂತಾಗ ಬಿಸಿಲು ಆಗಲೇ ಚುರುಕಾಗಿತ್ತು. ಚಪ್ಪರದಡಿ ಪಾರುಪತ್ಯಗಾರರು, ಬಯಲಿನ ತುಂಬ ಜನ. ಕುಂದು ಕೇಳಿದ ಮೇಲೆ ಒಂದು ಬೊಗಸೆ ನೀರು ಕುಡಿದು ಒಂದು ಮಾತು ಹೇಳಬೇಕು ಅಂತ ತಿಳಿಸಿ, ಮೊದಲು ಸುಲಭದ್ದನ್ನು ಹೇಳಿದೆ. ಆಳ ಹದಿನಾಲ್ಕು ಮಾರು, ತೆಂಕಣ ಮೆಟ್ಟಿಲು ಎರಡು ಕಡೆ ಜಾರುತ್ತೆ, ಮಕ್ಕಳನ್ನ ಬಿಡಬೇಡಿ. ಬೇಸಗೆ ಕೊನೆಗೆ ನೀರು ಒಗರಾಗುತ್ತೆ. ಇಲ್ಲಿ ಆಡಿದ್ದು ಆಚೆ ನಲವತ್ತೈದು ಬಾವಿಗೆ ಕೇಳುತ್ತೆ, ಅದರಿಂದ ಸುಳ್ಳು ಹೇಳೋರು ನಲವತ್ತೈದು ಸಲ ಯೋಚನೆ ಮಾಡಿ. ಜನ ನಕ್ಕರು. ಪಾರುಪತ್ಯಗಾರರೂ ನಕ್ಕರು.

"ಇನ್ನೊಂದು ಕುಂದೈತೆ," ಅಂದೆ. "ಮಾತು ಬರೋ ಕಂಡಿಗೆ ಕಲ್ಲಿನ ಬಾಗಿಲಿಟ್ಟಿದೀವಿ. ಇಟ್ಟಿದ್ದು ನಾವೇ, ನಮ್ಮ ಕಂಪನೀನೇ. ಅದರ ಸರಪಳಿ ಚಾವಡಿ ಒಳಗೈತೆ. ಎಳೆದ್ರೆ ಬಾವಿ ಮೂಕಾಗುತ್ತೆ. ಬಾಗಿಲು ತೆಗೆದಿರೋವಾಗ ಯಾರೂ ಮಾತಾಡ್ದಿದ್ರೂ ಬಾವೀಲಿ ಗುಂಯ್ ಅಂತಿರುತ್ತೆ. ಗುಂಯ್ ಅನ್ನಲಿಲ್ಲ ಅಂದ್ರೆ ಬಾಗಿಲು ಹಾಕೈತೆ ಅಂತ ತಿಳ್ಕಳಿ. ಆಚೆಯೋರು ನಿಮ್ಮನ್ನ ಮರ್ತರು ಅನ್ಕಬ್ಯಾಡಿ."

ಪಾನಕದ ಹಂಡೆಯ ಹತ್ತಿರ ಯಾರದೋ ಕೈಯಿಂದ ಲೋಟ ಬಿದ್ದು ಉರುಳಿತು. ಹಿಂದಿನ ಸಾಲಿನಿಂದ ಒಂದು ಗಂಡುದನಿ ಕೇಳಿತು: "ಎಳೆಯೋನು ಯಾರು?"

ಬಾವಿಯ ಕುಂದು ಹೇಳುವುದು ನನ್ನ ಕೆಲಸ. ಮನುಷ್ಯರ ಹೆಸರು ಹೇಳುವುದಲ್ಲ. ಮತ್ತೆ ಅದೇ ದನಿ, "ಯಾರಮ್ಮ ಅದು, ಹೇಳು," ಅಂದಿತು. ಈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಚಪ್ಪರದ ಕಂಬದ ಹತ್ತಿರ ಕೋಲು ಹಿಡಿದು ನಿಂತಿದ್ದ ಸೀಬಯ್ಯ ಎರಡು ಹೆಜ್ಜೆ ಮುಂದೆ ಬಂದ. "ನಾನು," ಅಂದ. "ನನಗೆ ಒಪ್ಪಿಸವ್ರೆ. ಎಳಿ ಅಂದ್ರೆ ಎಳೆಯಬೇಕು. ಹೊಟ್ಟೆಪಾಡು." ಅಷ್ಟು ದೊಡ್ಡ ಆಳಿನ ದನಿ ಕೊನೆಕೊನೆಗೆ ಸಣ್ಣಗಾಯಿತು.

ಏನಾಗುತ್ತಿತ್ತೋ ಗೊತ್ತಿಲ್ಲ. ತಿಪ್ಪಜ್ಜಿ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಮುಂದೆ ಬಂದಳು. "ಎಳೆಯೋನೇನೋ ಎಳೀತೀಯ ಬಿಡಪ್ಪ. ಎಳೆಯೋ ಮುಂಚೆ ಒಂದ್ಸಲ ಕೂಗಾಕು ಮಾರಾಯ. ಕಣಿವೆ ಆಚೆಗೆ ಕೊಟ್ಟಿರೋ ನನ್ನ ಮಗಳ ಮಾತು ಅರ್ಧಕ್ಕೆ ಕುಯ್ದೀಯ!" ಅಂದಳು. ಸೇದಿಟ್ಟಿದ್ದ ಕೊಡದಿಂದ ಬೊಗಸೆಯಲ್ಲಿ ನೀರು ತುಂಬಿ ಕುಡಿದು, ಬಾಯೊರೆಸಿಕೊಂಡು, ನನ್ನ ಕಡೆ ತಿರುಗಿ, "ಅದೇನೋ ಹೇಳ್ಬೇಕು ಅಂದ್ಯಲ್ಲ, ಏನದು?" ಅಂದಳು. ಹೇಳಿಕೊಟ್ಟೆ. "ಕುಂದು ಕೇಳಿದೆವು, ಬಾವಿ ನಮ್ಮದು," ಅಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಸಾಲು.

ಪಾರುಪತ್ಯಗಾರರು ಸಾಲು ಮುಗಿಯುವವರೆಗೂ ಕೂತಿದ್ದರು. ಎದ್ದು ಬಂದು ಜುಂಜಣ್ಣನಿಗೆ, "ನೀವು ಒಪ್ಪಿಕೊಂಡಿದ್ದಿರಿ," ಅಂದರು.

"ಇಲ್ಲ ಸ್ವಾಮಿ. ಎಲೆ ಹಾಕ್ಕೊಂತಿದ್ದೆ," ಅಂದ ಜುಂಜಣ್ಣ. ಅವನು ತಮಾಷೆಗೆ ಹೇಳಿದ್ದಲ್ಲ. ಮುಖ ಬಿಳಿಚಿಕೊಂಡಿತ್ತು.

ಆವತ್ತು ಬಿಸಿಲಿಳಿಯುವುದರೊಳಗೆ ನಾವು ಊರು ಬಿಡಬೇಕಾಯಿತು. ಏಳು ಹಾರೆ ಕಂಪನಿಯವರು ಇನ್ನು ಗಡಿಕಲ್ಲು ದಾಟಕೂಡದು ಅಂತ ಅಪ್ಪಣೆಯಾಯಿತು. ನಾಲ್ಕು ಬಾವಿಯೂ ಹೋಯಿತು, ಹನ್ನೆರಡು ಹಳ್ಳಿಯೂ ಹೋಯಿತು. ತೋಡಿದ್ದ ಒಂದನ್ನು ಮಾತ್ರ ಮುಚ್ಚಿಸಲಿಲ್ಲ. ಊರೆಲ್ಲ ಮಣ್ಣು ಹೊತ್ತು, ನೀರು ಕುಡಿದು, ನಮ್ಮದು ಅಂದ ಬಾವಿ ಅದು. ಪಾರುಪತ್ಯಗಾರರಿಗೆ ಮನಸ್ಸು ಬರಲಿಲ್ಲವೋ ಧೈರ್ಯ ಬರಲಿಲ್ಲವೋ. ಈರಮ್ಮ ನಮ್ಮನ್ನು ಕಳಿಸಲು ಬೀದಿಗೂ ಬರಲಿಲ್ಲ. ಬುತ್ತಿ ಮಾತ್ರ ಕಟ್ಟಿ ಜಗಲಿಯ ಮೇಲಿಟ್ಟಿದ್ದಳು.

ಮನೆಗೆ ಬಂದ ಮೇಲೆ ನಾನು ಬಾವಿಯ ಹತ್ತಿರ ಹೋಗುವುದೇ ಒಂದು ಕೆಲಸವಾಯಿತು. ಆಚೆಯೂರಿನ ಹೊಸ ದನಿಗಳು ಬರುತ್ತಿದ್ದವು. ಮೊದಮೊದಲು ಹೆಸರು ಹೇಳಿ ಸುಮ್ಮನಾಗುತ್ತಿದ್ದವು. ಆಮೇಲೆ ತಿಪ್ಪಜ್ಜಿ ಇಲ್ಲಿನ ಯಾವಳಿಗೋ ಬಾಣಂತಿ ಖಾರ ಮಾಡುವುದನ್ನು ಹೇಳಿಕೊಡಲು ಹೋಗಿ, ಅದಕ್ಕೆ ಗಾಣದವರ ಬೀದಿಯವರು ತಡವಾಗಿ ತಕರಾರು ತೆಗೆದು, ಒಂದು ವಾರ ಅದೇ ನಡೆಯಿತು. ಈರಮ್ಮನ ದನಿ ಇಲ್ಲ. ಅವಳ ಬಳೆಯ ಸದ್ದು, ಅವಳು ಹಗ್ಗ ಎಳೆಯುವ ರೀತಿ ನನಗೆ ಗೊತ್ತಾಗುತ್ತಿತ್ತು. ಸೇದಿಕೊಂಡು ಹೋಗುತ್ತಿದ್ದಳು. ಇಪ್ಪತ್ತೊಂದು ದಿನ ಹೀಗೇ ಆಯಿತು. ಇಪ್ಪತ್ತೆರಡನೆಯ ಬೆಳಿಗ್ಗೆ, "ಅಕ್ಕ, ನಿನ್ ಮಂಡಿನೋವು ಹೆಂಗೈತೆ?" ಅಂದಳು. "ಹಂಗೇ ಐತೆ ಕಣೆ," ಅಂದೆ. "ಕಲ್ಲು ಗಿಲ್ಲು ಬಿತ್ತಾ ಮನೆ ಮೇಲೆ?" ಅಂತ ಕೇಳಿದೆ. "ಇಲ್ಲ. ಬದಲಿಗೆ ದಿನಾ ಯಾರಾದ್ರೂ ಬಂದು ಇವರಿಗೆ ಮಜ್ಜಿಗೆ ಕೊಟ್ಟೋಯ್ತಾರೆ. ಲಂಚ!" ಅಂದಳು. ಇಬ್ಬರೂ ನಕ್ಕೆವು. ನಲವತ್ತಾರು ಬಾವಿಗೂ ಕೇಳಿರಬೇಕು.

ಮುಂಗಾರಿಗೆ ಮುಂಚೆ ಎರಡು ಸಲ ಬಾಗಿಲು ಬಿತ್ತು, ಅರ್ಧರ್ಧ ದಿನ. ಸೀಬಯ್ಯ ಮುಂಚೆ ಕೂಗಿ ಹೇಳುತ್ತಿದ್ದನಂತೆ. ಗುಂಯ್ ನಿಂತಿತು ಅಂದರೆ ಆಚೆಯೂರಿನವರು ಗಲಾಟೆ ಮಾಡುತ್ತಿರಲಿಲ್ಲ. ಕೆಲಸ ಬಿಟ್ಟು ಬಂದು ಬಾವಿಯ ಸುತ್ತ ಕೂರುತ್ತಿದ್ದರು. ಏನೋ ಆಗಿದೆ ಅಂತ ಎಲ್ಲರಿಗೂ ಗೊತ್ತು, ಏನು ಅಂತ ಮಾತ್ರ ಗೊತ್ತಿಲ್ಲ. ಒಬ್ಬೊಬ್ಬರು ಕಂಡದ್ದನ್ನು ಜೋಡಿಸುತ್ತಾ ಇಬ್ಬರು ಕೂತರೆ ಸ್ವಲ್ಪ, ಇನ್ನೂರು ಜನ ಕೂತರೆ ಇನ್ನಷ್ಟು ಗೊತ್ತಾಗುತ್ತಿತ್ತು. ಸಂಜೆಗೆ ಬಾಗಿಲು ತೆಗೆಯುತ್ತಿದ್ದರು.

ಮೂರನೆಯ ಸಲ ಹಾಗಾಗಲಿಲ್ಲ. ಬೆಳಿಗ್ಗೆ ಬಿದ್ದ ಬಾಗಿಲು ಸಂಜೆಗೂ ತೆಗೆಯಲಿಲ್ಲ. ನಾನು ಬಂಡೆಗೆ ಕಿವಿಯಿಟ್ಟು ನೋಡಿದೆ. ಆ ದಿಕ್ಕಿನಲ್ಲಿ ಏನೂ ಇಲ್ಲ. ಬಾವಿಯಲ್ಲೇ ಸುದ್ದಿ ಹೇಳಿದೆ: "ಆಚೆಯೂರು ಮುಚ್ಚೈತೆ." ಆಮೇಲೆ ಒಂದೊಂದೇ ಹಳ್ಳಿಯಿಂದ, ಏನಾಗಿರಬಹುದು, ಮಳೆಗೆ ಗೋಡೆ ಬಿತ್ತಾ, ಜ್ವರವಾ, ಬೆಂಕಿಯಾ ಅಂತ ಶುರುವಾಯಿತು. ಗೊತ್ತಿಲ್ಲದ ಸುದ್ದಿಗೆ ಏನು ಮಾಡುತ್ತಾರೆ? ಮೇಲುಕೇರಿಯವನೊಬ್ಬ, "ಕೂತು ಲೆಕ್ಕ ಹಾಕಾದೇನು, ಹೋಗಿ ನೋಡಾನ," ಅಂದ. ಮಾರನೆಯ ಬೆಳಗಿನ ಹೊತ್ತಿಗೆ ಮೂವತ್ತೊಂದು ಜನ ಹೊರಟರು. ಅಲ್ಲಿ ಏನು ತೊಂದರೆ ಅಂತ ಗೊತ್ತಿಲ್ಲದ್ದರಿಂದ ಒಬ್ಬೊಬ್ಬನು ತನಗೆ ಬರುವ ವಿದ್ಯೆಯನ್ನು ಹೊತ್ತುಕೊಂಡ. ಹಾರೆ ಹಿಡಿದವನು ಹಾರೆ, ಮೂಳೆ ಕಟ್ಟುವವಳು ಬಿದಿರು ಸೀಳು, ದನದ ವೈದ್ಯ ತನ್ನ ಚೀಲ, ಇನ್ನೊಬ್ಬ ಒಂದು ಮೂಟೆ ರಾಗಿ ಹಿಟ್ಟು. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಪಾಲಜ್ಜನೂ ನಿಂತಿದ್ದ. "ನಿನಗ್ಯಾಕಜ್ಜ ಈ ವಯಸ್ಸಲ್ಲಿ?" ಅಂದರೆ, "ಕಂಡಿ ಕೊರೆದೋನು ನಾನು. ಗಡಿಕಲ್ಲಲ್ಲಿ ತಡೆದ್ರೆ ಆ ಕಲ್ಲಿಗೂ ಒಂದು ಕೊರೀತೀನಿ," ಅಂದ. ಗಡಿಕಲ್ಲಿನಲ್ಲಿ ನಿಜವಾಗಿ ತಡೆದರೆ ಏನು ಅಂತ ಯಾರೂ ಮಾತಾಡಲಿಲ್ಲ. ನನ್ನ ಮಂಡಿ ನಡೆಯುವ ಹಾಗಿರಲಿಲ್ಲ. ನಾನು ಬಾವಿ ಕಾಯಲು ಉಳಿದೆ.

ಅವರು ಹೊರಟ ಮಾರನೆಯ ದಿನ, ಬಿಸಿಲೇರಿದ ಹೊತ್ತಿನಲ್ಲಿ, ಆಚೆಯೂರಿನ ದಿಕ್ಕಿನ ಗುಂಯ್ ಮತ್ತೆ ಬಂತು. ಬಾಯಿಗಲ್ಲಿನ ಮೇಲೆ ಹುರಿ ಹೊಸೆಯುತ್ತಾ ಕೂತಿದ್ದವಳು ಬಗ್ಗಿದೆ. ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ, "ಯಾರಾದರೂ ಇದ್ದೀರಾ ಅಲ್ಲಿ? ಚಾವಡಿಯ ಬಾವಿಯಿಂದ ಮಾತಾಡುತ್ತಿದ್ದೇನೆ," ಅಂದಿತು. ಆ ಮೆತ್ತಗಿನ ದನಿ ಯಾರದೆಂದು ನನಗೆ ಮೊದಲ ಮಾತಿಗೇ ಗೊತ್ತಾಯಿತು. ಹೆಸರು ಹಿಡಿದು ಮಾತಾಡಿಸಲಿಲ್ಲ.

"ಇದ್ದೀವಿ ಸ್ವಾಮಿ," ಅಂದೆ.

"ದನಗಳಿಗೆ ಕಾಲುಬಾಯಿ ಜ್ವರ ಬಂದಿದೆ. ಮೂರು ಬೀದಿ ಪೂರ್ತಿ. ಸುದ್ದಿಯಾದರೆ ನಮ್ಮ ದನ ಯಾರೂ ಕೊಳ್ಳುವುದಿಲ್ಲ, ಊರು ಗಾಬರಿ ಬೀಳುತ್ತದೆ ಅಂತ..." ದನಿ ನಿಂತಿತು. "ಅದು ಇರಲಿ. ಮುಚ್ಚಿದ್ದಕ್ಕೇ ಊರೆಲ್ಲ ಬಂದು ಇಲ್ಲಿ ಕೂತಿದೆ, ಯಾವ ಕೊಟ್ಟಿಗೆಯಲ್ಲಿ ಏನು ಅಂತ ಅವರೇ ಜೋಡಿಸಿಕೊಂಡಿದ್ದಾರೆ. ಗಾಬರಿ ಯಾರೂ ಬಿದ್ದಿಲ್ಲ. ನಿಮ್ಮ ಕಡೆ ದನದ ವೈದ್ಯರು ಯಾರಾದರೂ ಇದ್ದರೆ ಕಳಿಸುವುದಕ್ಕಾಗುತ್ತಾ? ಎರಡು ದಿನದ ದಾರಿ ಅಂತ ನನಗೂ ಗೊತ್ತು."

"ನಿನ್ನೆ ಬೆಳಿಗ್ಗೇನೇ ಹೊರಟವ್ರೆ ಸ್ವಾಮಿ. ಇವತ್ತು ಸಂಜೆಯೊಳಗೆ ನಿಮ್ಮೂರು ಮುಟ್ತಾರೆ."

ಅವರ ಹಿಂದೆ ಜನ ಗುಜುಗುಜು ಅನ್ನುವುದು ಕೇಳಿಸಿತು, ಅದರೊಳಗೆ ಎಲ್ಲೋ ಈರಮ್ಮನ ಬಳೆ.

"ನಿಮಗೆ ಯಾರು ಹೇಳಿದರು?" ಅಂದರು.

"ನೀವೇ ಹೇಳಿದ್ರಿ. ಬಾಗಿಲು ಹಾಕಿದ್ರಲ್ಲ."

ಬಾಗಿಲು ಬಿತ್ತೇನೋ ಅಂತ ಕಿವಿಗೊಟ್ಟೆ. ಬಿದ್ದಿರಲಿಲ್ಲ. "ಸೀಬಯ್ಯ, ಗಡಿಕಲ್ಲಿನ ಹತ್ತಿರ ಹೋಗಿ ಅವರನ್ನ ಕರೆದುಕೊಂಡು ಬಾ," ಅಂತ ಅವರು ಪಕ್ಕಕ್ಕೆ ತಿರುಗಿ ಹೇಳಿದ್ದು ದೂರವಾಗಿ ಕೇಳಿಸಿತು. ಆಮೇಲೆ ದನಿ ಹತ್ತಿರ ಬಂತು. "ಊಟಕ್ಕೆ ಎಷ್ಟು ಜನ ಆಗುತ್ತಾರಮ್ಮ?"

"ಮೂವತ್ತೊಂದು ಸ್ವಾಮಿ," ಅಂದೆ. "ಅದ್ರಲ್ಲಿ ಒಬ್ಬಜ್ಜನಿಗೆ ಹಲ್ಲಿಲ್ಲ. ಅವನ ಮುದ್ದೆ ಒಂಚೂರು ಮೆತ್ತಗಿರ್ಲಿ."